ಬೆರಳ ತುದಿಯ ಹುಣ್ಣು ಮಾಯುತ್ತಿಲ್ಲ, ಸ್ಟೀರಾಯ್ಡ್ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 52 ವರ್ಷ, ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗಿ, ರಕ್ತನಾಳಗಳೂ ಕೆಡುವ ಕಾಯಿಲೆ) ಇದೆ. ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುತ್ತದೆ. ಈಗ ತೋರುಬೆರಳ ತುದಿಯಲ್ಲಿ ಗುಂಡುಸೂಜಿ ತಲೆಗಿಂತ ಕೊಂಚ ದೊಡ್ಡ ಹುಣ್ಣು. ಆರು ವಾರ ಆಯ್ತು. ಪರಿಚಯದವರೊಬ್ಬರಿಗೆ ಇಂಥದ್ದೇ ಹುಣ್ಣು ಸ್ಟೀರಾಯ್ಡಿನಿಂದ ವಾಸಿಯಾಯ್ತಂತೆ. ನಾವೂ ಶುರು ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಅವರಿಗೆ ಇದ್ದದ್ದು ವ್ಯಾಸ್ಕುಲೈಟಿಸ್ ಇರಬಹುದು. ಅದರಲ್ಲಿ ರಕ್ತನಾಳದ ಗೋಡೆಯೇ ಉರಿಯೂತದಿಂದ ಕೆಡುತ್ತದೆ, ಅದಕ್ಕೆ ಸ್ಟೀರಾಯ್ಡ್ ಬೇಕು. ಕೆಲವರಿಗೆ ರೋಗನಿರೋಧಕ ಶಕ್ತಿಯ ಅತಿರೇಕ ತಗ್ಗಿಸುವ ರಿಟುಕ್ಸಿಮ್ಯಾಬ್ ಕೂಡ. ಅಮ್ಮನ ಕಾಯಿಲೆಯಲ್ಲಿ ನಾಳದ ಒಳಪದರ ದಪ್ಪವಾಗಿ ದಾರಿ ಕಿರಿದಾಗಿರುತ್ತದೆ. ಚಳಿಗೆ ಅದು ಇನ್ನಷ್ಟು ಬಿಗಿದರೆ ತುದಿಗೆ ರಕ್ತವೇ ಹೋಗುವುದಿಲ್ಲ. ಇಲ್ಲಿ ಸ್ಟೀರಾಯ್ಡಿಗೆ ಕೆಲಸವಿಲ್ಲ. ಡೋಸ್ ಜಾಸ್ತಿಯಾದರೆ ಬಿಪಿ ದಿಢೀರನೆ ಏರಿ ಕಿಡ್ನಿಗೇ ಕುತ್ತು ಬರಬಹುದು. ಇನ್ನು ಕೆಲವರಲ್ಲಿ ನಾಳದೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಅವರಿಗೆ ರಕ್ತ ತೆಳುವಾಗಿಸುವ ಔಷಧಿ. ಹೊರಗಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಹಾಗಾಗಿ ಮೊದಲು ಪರೀಕ್ಷೆ. ಉಗುರಿನ ಬುಡದ ಚರ್ಮಕ್ಕೆ ಒಂದು ಹನಿ ಎಣ್ಣೆ ಹಾಕಿ ದೊಡ್ಡದು ಮಾಡಿ ನೋಡುತ್ತೇವೆ. ಆರೋಗ್ಯವಂತರಲ್ಲಿ ಸಣ್ಣ ನಾಳಗಳು ಹೇರ್‌ಪಿನ್ ಸಾಲಿಟ್ಟ ಹಾಗೆ ಕಾಣುತ್ತವೆ. ಸ್ಕ್ಲೆರೋಡರ್ಮಾದಲ್ಲಿ ಕೆಲವು ಊದಿರುತ್ತವೆ, ನಡುನಡುವೆ ಖಾಲಿ ಜಾಗ. ಜೊತೆಗೆ ಮಣಿಕಟ್ಟಿನ ನಾಡಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತದ ಆಂಟಿಬಾಡಿ ಟೆಸ್ಟ್. ಎಕ್ಸ್‌ರೇ ಕೂಡ ಮಾಡಿಸಿ, ಹುಣ್ಣಿನಡಿ ಸುಣ್ಣ ಕಟ್ಟಿದೆಯಾ, ಸೋಂಕು ಮೂಳೆಗೆ ಇಳಿದಿದೆಯಾ ಅಂತ ನೋಡಬೇಕು.

ಚಿಕಿತ್ಸೆ ನಿಫೆಡಿಪಿನ್ ಥರದ ನಾಳ ಸಡಿಲಿಸುವ ಮಾತ್ರೆಯಿಂದ ಶುರು. ಸಾಲದಿದ್ದರೆ ಸಿಲ್ಡೆನಾಫಿಲ್. ಹೌದು, ವಯಾಗ್ರಾದಲ್ಲಿರುವ ಅದೇ ಔಷಧಿ, ಮುಜುಗರ ಬೇಡ! ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಕೊಡಬಾರದು. ಹುಣ್ಣು ಹಟ ಹಿಡಿದರೆ ಆಸ್ಪತ್ರೆಯಲ್ಲಿ ಕೆಲವು ದಿನ ನಾಳ ಅಗಲಿಸುವ ಇಲೊಪ್ರೋಸ್ಟ್ ಡ್ರಿಪ್. ಬೋಸೆಂಟಾನ್ ಎಂಬ ಮಾತ್ರೆ ಹೊಸ ಹುಣ್ಣುಗಳನ್ನು ಕಮ್ಮಿ ಮಾಡುತ್ತದೆ, ಇರುವುದನ್ನು ಬೇಗ ಮಾಯಿಸುವುದಿಲ್ಲ.

ಅಮ್ಮ ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ? ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಾರಾ?

ಮರುಪ್ರಶ್ನೆ: ಸಿಗರೇಟ್ ಇಲ್ಲ. ಮೈಗ್ರೇನಿಗೆ ಪ್ರೊಪ್ರನೊಲೋಲ್ ಇದೆ, ಎರಡು ತಿಂಗಳಿಂದ.

ಉತ್ತರ: ಹುಣ್ಣಿಗೆ ಆರು ವಾರ, ಮಾತ್ರೆಗೆ ಎರಡು ತಿಂಗಳು, ಅಲ್ವಾ? ಪ್ರೊಪ್ರನೊಲೋಲ್ ಸೇರಿದ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಬೆರಳಿನ ರಕ್ತ ಸಂಚಾರ ಕುಗ್ಗಿಸುತ್ತವೆ. ಇದೇ ಕಾರಣ ಅಂತ ಇಲ್ಲಿಂದಲೇ ಹೇಳಲಾರೆ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಬದಲಿ ಔಷಧಿ ಕೇಳಿ. ಬೆರಳು ಬಿಸಿ ಮಾಡಿದರೂ ಬಣ್ಣ ಮರಳದೆ ನೋವು ಏರುತ್ತಿದ್ದರೆ, ಕಪ್ಪಾದರೆ ಅಥವಾ ಕೀವು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.