ಕೌನ್ಸಿಲ್ ನಂಬರ್ ಬರೋವರೆಗೂ ಕಾಯಬೇಕಾ?

ಸಹನಾ (ಬಿಎಸ್ಸಿ ನರ್ಸಿಂಗ್, 8ನೇ ಸೆಮ್): ಇನ್ನೊಂದು ಗ್ರೂಪಿಂದ ಬಂದಿದ್ದು: “ಹೊಸಬರು ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೈಗೆ ಬರುವವರೆಗೂ ಎಲ್ಲೂ ಅರ್ಜಿ ಹಾಕಬೇಡಿ.” ಇದು ಸರೀನಾ ಅಕ್ಕ?

ಮಂಜುನಾಥ್: ಸರಿಯಾಗೇ ಇದೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್ ತಗೋ. ಅರ್ಹತೆ ನೋಡೋದು ಅರ್ಜಿಯ ಕೊನೇ ದಿನಾಂಕಕ್ಕೆ. ಅವತ್ತಿಗೆ ಡಿಗ್ರಿನೂ ಆಗಿರಬೇಕು, ನರ್ಸ್ ಮತ್ತು ಮಿಡ್‌ವೈಫ್ ರಿಜಿಸ್ಟ್ರೇಷನ್ನೂ ಆಗಿರಬೇಕು. ಮಾರನೇ ದಿನದ ತಾರೀಖಿದ್ರೆ, ಎಷ್ಟೇ ಒಳ್ಳೇ ರ್‍ಯಾಂಕ್ ಬಂದ್ರೂ ದಾಖಲೆ ಪರಿಶೀಲನೇಲಿ ತೆಗೆದುಹಾಕ್ತಾರೆ.

ಶೋಭಾ: ನಾರ್ಸೆಟ್ ಮಾತು ಒಪ್ಪಿದೆ ಮಂಜು. ಜಿಎನ್‌ಎಮ್ (ನರ್ಸಿಂಗ್ ಡಿಪ್ಲೊಮಾ) ಮಕ್ಕಳಿಗಂತೂ ಅದರ ಮೇಲೆ 50 ಹಾಸಿಗೆ ಆಸ್ಪತ್ರೇಲಿ ಎರಡು ವರ್ಷದ ಅನುಭವನೂ ಬೇಕು. ಆದ್ರೆ ಆ ನಿಯಮನ ಖಾಸಗಿ ಆಸ್ಪತ್ರೆಗೂ ಹಚ್ಚಬೇಡ. ಅಲ್ಲಿ ಅರ್ಜಿ ಹಾಕೋ ದಿನ ಬೇರೆ, ಡ್ಯೂಟಿಗೆ ಸೇರೋ ದಿನ ಬೇರೆ. ರಿಸಲ್ಟ್ ಬಂದ ವಾರ ರಾಜೀವ್ ಗಾಂಧಿ ವಿವಿಯ ಅಷ್ಟೂ ಕಾಲೇಜಿನ ಮಕ್ಕಳು ಒಟ್ಟಿಗೆ ಅರ್ಜಿ ಹಿಡ್ಕೊಂಡು ನಿಂತಿರ್ತಾರೆ. ಅಷ್ಟರಲ್ಲಿ ಐಸಿಯು, ಓಟಿ, ಡಯಾಲಿಸಿಸ್ ಜಾಗ ತುಂಬಿರುತ್ತೆ.

ಸಹನಾ, ಫೈನಲ್ ಪರೀಕ್ಷೆಗೆ ಎರಡು–ಮೂರು ತಿಂಗಳು ಮುಂಚೆನೇ ಹಾಕು. ಬಯೋಡೇಟಾದ ಮೊದಲನೇ ಪುಟದಲ್ಲೇ “8ನೇ ಸೆಮಿಸ್ಟರ್, ಪರೀಕ್ಷೆ ಇಂಥ ತಿಂಗಳು, ರಿಜಿಸ್ಟ್ರೇಷನ್ ಆಗಬೇಕಿದೆ” ಅಂತ ಬರಿ.

ಮಂಜುನಾಥ್: ಟ್ರೈನಿ ಅಂತ ತಗೊಂಡು ಕಡಿಮೆ ಸಂಬಳಕ್ಕೆ ನೈಟ್ ಡ್ಯೂಟಿಗೆ ಒಬ್ಬರನ್ನೇ ಬಿಡ್ತಾರಲ್ಲ, ಅದಕ್ಕೇನಂತೀರಿ? ರಿಜಿಸ್ಟ್ರೇಷನ್ ಇಲ್ಲದ ಹುಡುಗಿ ಔಷಧಿ ಚಾರ್ಟಿಗೆ ಸೈನ್ ಹಾಕಿ ಡೋಸ್ ಹೆಚ್ಚುಕಮ್ಮಿ ಆದ್ರೆ ಅವಳ ಪರ ಯಾರೂ ನಿಲ್ಲಲ್ಲ.

ಶೋಭಾ: ಅದು ದೊಡ್ಡ ಮಾತು, ತಳ್ಳಿಹಾಕಲ್ಲ. ಅದಕ್ಕೇ ಆಫರ್ ಲೆಟರ್‌ನಲ್ಲಿ ಕೇಳಿ ಬರೆಸ್ಕೋಬೇಕು: ಟ್ರೈನಿ ಅವಧಿ ಯಾವ ದಿನದವರೆಗೆ, ರಿಜಿಸ್ಟ್ರೇಷನ್ ಆದ ಮೇಲೆ ಸಂಬಳ ಎಷ್ಟು, ಅಲ್ಲೀವರೆಗೆ ಚಾರ್ಟಿಗೆ ಜೊತೆಗೆ ಸೈನ್ ಹಾಕೋ ಸ್ಟಾಫ್ ಯಾರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ಅಲ್ಲೇ ವಾಪಸ್ ತಗೋ. ಇಟ್ಕೋತೀವಿ ಅಂದ್ರೆ ಆ ಕೆಲಸಾನೇ ಬೇಡ.

ಫಾತಿಮಾ: ಅರ್ಜಿಗಿಂತ ಮುಂಚೆ ಹೆಸರು ನೋಡ್ಕೋ ಸಹನಾ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ “ಸಹನಾ ಕೆ ಎನ್”, ಆಧಾರಲ್ಲಿ ಬರೀ “ಸಹನಾ”, ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎರಡೂ. ನಮ್ಮ ಕಡೆ ಮಕ್ಕಳು ಎಡವೋದು ಇಲ್ಲೇ. ಗಲ್ಫಿಗೆ ಹೋಗೋವಾಗ ದಾಖಲೆ ಪರಿಶೀಲಿಸೋ ಡೇಟಾಫ್ಲೋ ಕಂಪನಿಯವರು ಒಂದೊಂದು ದಾಖಲೇನೂ ಅದನ್ನ ಕೊಟ್ಟವರ ಹತ್ರಾನೇ ಕೇಳಿ ತಾಳೆ ನೋಡ್ತಾರೆ.

ಇನ್ನೊಂದು. ಓಇಟಿ, ಐಇಎಲ್‌ಟಿಎಸ್ ಅಂತ ವಿದೇಶಕ್ಕೆ ಕೇಳೋ ಇಂಗ್ಲಿಷ್ ಪರೀಕ್ಷೆಗಳ ಅಂಕ ನಡೆಯೋದು 2 ವರ್ಷ ಮಾತ್ರ. ಈಗಲೇ ಬರೆದ್ರೆ ಇಲ್ಲಿ ಅನುಭವ ಮುಗಿಯೋಷ್ಟರಲ್ಲಿ ಅವಧೀನೂ ಮುಗಿದಿರುತ್ತೆ. ಜರ್ಮನಿ ಆದ್ರೆ ತಿರುಗಾಮುರುಗಾ: ಬಿ2 ಮಟ್ಟದ ಜರ್ಮನ್ ಭಾಷೆಗೆ ತಿಂಗಳುಗಟ್ಟಲೆ ಬೇಕು, ಇವತ್ತಿಂದಲೇ ಶುರುಮಾಡು.

ಸಹನಾ: ಇಂಟರ್ವ್ಯೂಲಿ ಏನು ಕೇಳ್ತಾರೆ?

ಶೋಭಾ: ಡ್ರಿಪ್ ಲೆಕ್ಕ ಕೇಳ್ತಾರೆ. 500 ಎಂಎಲ್, 8 ಗಂಟೆ, ಒಂದು ಎಂಎಲ್‌ಗೆ 20 ಹನಿ ಬೀಳೋ ಸೆಟ್. 500×20÷480, ನಿಮಿಷಕ್ಕೆ 21 ಹನಿ. ಗಾಬರೀಲಿ 8 ಗಂಟೇನ ನಿಮಿಷ ಮಾಡೋದು ಮರೀತಾರೆ. ಮೈಕ್ರೋ ಸೆಟ್ ಅಂದ್ರೆ 60 ಹನಿ, ಆಗ ಸುಮಾರು 63.

ಮಂಜುನಾಥ್: ಆಯ್ತು, ಖಾಸಗಿಗೆ ಈಗಲೇ ಹಾಕ್ಲಿ. ಆದ್ರೆ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಕೈಗೆ ಬಂದ ದಿನವೇ ಕೌನ್ಸಿಲ್‌ಗೆ ಅರ್ಜಿ ಹೋಗಬೇಕು. ಡ್ಯೂಟಿಗೆ ಸೇರಿದ ಮೇಲೆ ರಜೆ ಸಿಗಲ್ಲ ಅಂತ ಅದನ್ನ ಮುಂದಕ್ಕೆ ಹಾಕ್ತಾ ಹೋಗ್ತಾರೆ, ನಾರ್ಸೆಟ್ ತಪ್ಪೋದು ಅಲ್ಲೇ.

ಸಹನಾ: ಈಗ ನೋಡ್ದೆ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಅಪ್ಪನ ಹೆಸರಿಗೆ ಒಂದಕ್ಷರ ಜಾಸ್ತಿ ಇದೆ.

ಫಾತಿಮಾ: ಸೋಮವಾರ ನೀನು ಓದಿದ ಹೈಸ್ಕೂಲಿಗೆ ಹೋಗು. ತಿದ್ದುಪಡಿ ಅರ್ಜಿ ಹೆಡ್‌ಮಾಸ್ಟರ್ ಮೂಲಕವೇ ಬೋರ್ಡಿಗೆ ಹೋಗಬೇಕು.