ಒಳ್ಳೆಮೆಣಸಿನ ಪೈಪರಿನ್: ಟಿಎಲ್‌ಸಿ ಪ್ಲೇಟಿನಲ್ಲಿ ಒಂದೇ ಸಾರಕ್ಕೆ ಮೂರು ಉತ್ತರ ಬರುವುದೇಕೆ?

ಪ್ರಶ್ನೆ: ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಗಡಿಭಾಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಈ ವರ್ಷ ಅಂತಿಮ ಪದವಿಯ ನಾಲ್ವರು ಮಕ್ಕಳು ತಮ್ಮ ತಮ್ಮ ಮನೆಯ ತೋಟದಲ್ಲಿ ಅಡಕೆ ಮರಕ್ಕೆ ಹಬ್ಬಿಸಿದ ಬಳ್ಳಿಗಳಿಂದ ಒಳ್ಳೆಮೆಣಸು ತಂದಿದ್ದಾರೆ. ಎರಡು ಮನೆಯದು ಪನ್ನಿಯೂರು-1 ತಳಿ, ಉಳಿದೆರಡು ಕರಿಮುಂಡ ತಳಿ. ಇವುಗಳಲ್ಲಿ ಖಾರ ಕೊಡುವ ಪೈಪರಿನ್ ಎಂಬ ಸಂಯುಕ್ತ ಎಷ್ಟಿದೆ ಎಂಬುದನ್ನು ತೆಳುಪದರ ಕ್ರೊಮ್ಯಾಟೋಗ್ರಫಿಯಿಂದ (ಟಿಎಲ್‌ಸಿ: ಸಿಲಿಕಾ ಬಳಿದ ಪ್ಲೇಟಿನಲ್ಲಿ ದ್ರಾವಕ ಮೇಲೇರುವಾಗ ಸಂಯುಕ್ತಗಳು ಬೇರೆ ಬೇರೆ ಎತ್ತರದಲ್ಲಿ ಬೇರ್ಪಡುವ ವಿಧಾನ) ಅಳೆಯಬೇಕೆಂಬುದು ನಮ್ಮ ಯೋಜನೆ. ಇದಕ್ಕಿಂತ ನಿಖರವಾಗಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಮ್ಮಲ್ಲಿಲ್ಲ, ಪ್ಲೇಟನ್ನು ಓದುವ ಸ್ಕ್ಯಾನರೂ ಇಲ್ಲ.

ಒಂದು ಗ್ರಾಂ ಮೆಣಸಿನ ಪುಡಿಯನ್ನು ಮೆಥನಾಲಿನಲ್ಲಿ ಸಾರ ತೆಗೆದು, ಸೋಸಿ, 50 ಮಿಲಿಲೀಟರಿಗೆ ತಂದೆವು. ಕೈಯಲ್ಲೇ ಎಳೆದ ಗಾಜಿನ ಕ್ಯಾಪಿಲರಿಯಿಂದ ಸಿಲಿಕಾ ಜೆಲ್ 60 ಎಫ್ 254 ಪ್ಲೇಟಿನ ಮೇಲೆ ಚುಕ್ಕೆ ಇಟ್ಟು, ಟೊಲೂಯಿನ್ ಮತ್ತು ಈಥೈಲ್ ಅಸಿಟೇಟ್ 7:3 ಮಿಶ್ರಣದಲ್ಲಿ ಓಡಿಸಿ, 254 ನ್ಯಾನೋಮೀಟರ್ ದೀಪದಡಿ ಮೊಬೈಲಿನಲ್ಲಿ ಫೋಟೋ ತೆಗೆದು, ಇಮೇಜ್‌ಜೆ ತಂತ್ರಾಂಶದಲ್ಲಿ ಚುಕ್ಕೆಗಳ ಕಪ್ಪನ್ನು ಅಳೆದೆವು. ಪ್ಲೇಟಿನ ಎಡ ಅಂಚಿನಲ್ಲಿ ಒಂದು ಸ್ಟಾಂಡರ್ಡ್ ಚುಕ್ಕೆ (ತಿಳಿದ ಪ್ರಮಾಣದ ಶುದ್ಧ ಪೈಪರಿನ್) ಇತ್ತು. ಒಂದೇ ಸಾರವನ್ನು ಮೂರು ಕಡೆ ಇಟ್ಟದ್ದಕ್ಕೆ ಶೇಕಡಾ 3.4, 5.1 ಮತ್ತು 4.2 ಎಂಬ ಉತ್ತರಗಳು ಬಂದವು. ಅದರ ಮೇಲೆ, ಬೇಸಗೆಯಲ್ಲಿ ನಾನೇ ಮಾಡಿ ನೋಡಿದಾಗ 0.28 ಇದ್ದ ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) ಈಗ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 0.36ಕ್ಕೆ ಏರಿದೆ. ದೋಷ ನಮ್ಮ ಕೈಯದೋ, ವಿಧಾನದ್ದೋ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಬದಿಯಡ್ಕದ ನಿವೃತ್ತ ವಿಶ್ಲೇಷಕ

ಟೀಚರ್, ವಿಧಾನ ಕೆಟ್ಟದ್ದಲ್ಲ. ಆದರೆ ಟಿಎಲ್‌ಸಿಯಲ್ಲಿ "ಇದೆಯೇ" ಎಂದು ಕೇಳುವುದಕ್ಕೂ "ಎಷ್ಟಿದೆ" ಎಂದು ಕೇಳುವುದಕ್ಕೂ ಬೇಕಾದ ಶಿಸ್ತು ಬೇರೆ ಬೇರೆ. ನೀವು ಎರಡನೆಯ ಪ್ರಶ್ನೆಯನ್ನು ಮೊದಲನೆಯದರ ಸಲಕರಣೆಯಿಂದ ಕೇಳಿದ್ದೀರಿ.

ಮೊದಲು ಕ್ಯಾಪಿಲರಿಯನ್ನೇ ನೋಡಿ. ಕೊಳವೆಯಲ್ಲಿ ನಿಲ್ಲುವ ದ್ರವದ ಗಾತ್ರ ಒಳವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಷ್ಟೇ ಉದ್ದ ತುಂಬಿಸಿದರೂ ವ್ಯಾಸ ಶೇಕಡಾ 10 ಹೆಚ್ಚಿದ್ದರೆ ದ್ರವ ಶೇಕಡಾ 21 ಹೆಚ್ಚು ಬರುತ್ತದೆ. ನಿಮ್ಮ 3.4ಕ್ಕೂ 5.1ಕ್ಕೂ ಇರುವ ಅಂತರ ಒಂದೂವರೆ ಪಟ್ಟು. ಬರ್ನರಿನ ಮೇಲೆ ಎಳೆದ ಎರಡು ಕೊಳವೆಗಳ ಬಾಯಿ ಶೇಕಡಾ 22ರಷ್ಟು ಹೆಚ್ಚುಕಡಿಮೆ ಇದ್ದರೆ ಸಾಕು, ಉಳಿದೆಲ್ಲವೂ ಸರಿಯಾಗಿದ್ದರೂ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅಳತೆ ಗುರುತಿರುವ 2 ಮೈಕ್ರೋಲೀಟರ್ ಕ್ಯಾಪಿಲರಿಗಳು ಸಿಗುತ್ತವೆ, ಬೆಲೆಯೂ ವಿಪರೀತವಲ್ಲ; ಅವನ್ನೇ ತರಿಸಿಕೊಳ್ಳಿ. ಚುಕ್ಕೆ ಇಡುವಾಗ ಒಂದೇ ಬಾರಿ ಒತ್ತದೆ, ಮುಟ್ಟಿಸಿ, ಆರಲು ಬಿಟ್ಟು, ಮತ್ತೆ ಮುಟ್ಟಿಸಬೇಕು. ಕೊಳವೆಯ ತುದಿ ಸಿಲಿಕಾವನ್ನು ಕೆರೆದರೆ ಆ ಗುಳಿಯಲ್ಲಿ ಚುಕ್ಕೆಯ ಆಕಾರವೇ ಕೆಡುತ್ತದೆ.

ಎರಡನೆಯದಾಗಿ, ನೀವು ಪ್ಲೇಟಿನ ಮೇಲೆ ವಿಪರೀತ ಹೇರಿದ್ದೀರಿ. ಶೇಕಡಾ 4 ಎಂದು ಹಿಡಿದರೆ ಒಂದು ಗ್ರಾಮಿನಲ್ಲಿ 40 ಮಿಲಿಗ್ರಾಂ; 50 ಮಿಲಿಲೀಟರಿನಲ್ಲಿ ಅದು ಮಿಲಿಲೀಟರಿಗೆ 0.8 ಮಿಲಿಗ್ರಾಂ, 2 ಮೈಕ್ರೋಲೀಟರ್ ಚುಕ್ಕೆಯಲ್ಲಿ 1.6 ಮೈಕ್ರೋಗ್ರಾಂ. 254ರ ದೀಪದಡಿ ಪ್ಲೇಟಿನ ಹಸಿರು ಹೊಳಪನ್ನು ಪೈಪರಿನ್ ನುಂಗಿ ಕಪ್ಪು ಕಲೆ ಮೂಡಿಸುತ್ತದೆಯಷ್ಟೆ. ಪೂರ್ತಿ ಕಪ್ಪಾದ ಮೇಲೆ ಅದು ಇನ್ನೂ ಕಪ್ಪಾಗಲಾರದು. ಸಾರವನ್ನು ನಾಲ್ಕು ಪಟ್ಟು ತೆಳುಮಾಡಿ, 0.1ರಿಂದ 0.8 ಮೈಕ್ರೋಗ್ರಾಂವರೆಗೆ ಐದು ಸ್ಟಾಂಡರ್ಡ್ ಚುಕ್ಕೆಗಳನ್ನು ಅದೇ ಪ್ಲೇಟಿನಲ್ಲಿ, ಮಾದರಿಗಳ ನಡುನಡುವೆ ಇಡಿ. ಅಂಚಿನ ಒಂದೂವರೆ ಸೆಂಟಿಮೀಟರನ್ನು ಖಾಲಿ ಬಿಡಿ. ಸ್ಟಾಂಡರ್ಡುಗಳ ಪ್ರಮಾಣಕ್ಕೆ ಎದುರಾಗಿ ಕಪ್ಪನ್ನು ಗುರುತಿಸಿದಾಗ ಬರುವ ರೇಖೆ ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ. ಸ್ಕೇಲಿಟ್ಟು ಅದನ್ನು ಬಲವಂತವಾಗಿ ನೇರ ಮಾಡಬೇಡಿ.

ಆರ್‌ಎಫ್ ಏರಿದ್ದಕ್ಕೆ ಕಾರಣ ಆಟಿಯೇ. ಸಿಲಿಕಾ ಗಾಳಿಯ ನೀರನ್ನು ಹೀರಿಕೊಂಡಾಗ ಅದರ ಹಿಡಿತ ಸಡಿಲವಾಗಿ ಎಲ್ಲ ಚುಕ್ಕೆಗಳೂ ಮೇಲಕ್ಕೆ ಹೋಗುತ್ತವೆ. 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೂ, ನಮ್ಮ ಕಡೆಯ ಜುಲೈ ತಿಂಗಳ ಗಾಳಿಯಲ್ಲಿ ಮೇಜಿನ ಮೇಲಿಟ್ಟ ಕೆಲವೇ ನಿಮಿಷಗಳಲ್ಲಿ ಪ್ಲೇಟು ಮೊದಲಿನಂತೆಯೇ ಆಗಿರುತ್ತದೆ. ಮೆಗ್ನೀಷಿಯಂ ಕ್ಲೋರೈಡಿನ ಪರ್ಯಾಪ್ತ ದ್ರಾವಣವನ್ನು ಒಂದು ಬಟ್ಟಲಲ್ಲಿಟ್ಟು ಮುಚ್ಚಿದ ಡಬ್ಬದೊಳಗೆ ತೇವಾಂಶ ಶೇಕಡಾ 33ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಚುಕ್ಕೆ ಇಟ್ಟ ಪ್ಲೇಟುಗಳನ್ನು ಓಡಿಸುವ ಮೊದಲು ಅದರಲ್ಲಿ ಇರಿಸಿ. ಓಡಿಸುವ ಜಾಡಿಯ ಒಳಗೋಡೆಗೆ ದ್ರಾವಕದಲ್ಲಿ ನೆನೆಸಿದ ಫಿಲ್ಟರ್ ಪೇಪರ್ ಅಂಟಿಸಿ ಇಪ್ಪತ್ತು ನಿಮಿಷ ಮುಚ್ಚಿಡಿ, ಇಲ್ಲದಿದ್ದರೆ ಅಂಚಿನ ಚುಕ್ಕೆಗಳು ನಡುವಿನವುಗಳಿಗಿಂತ ಎತ್ತರಕ್ಕೆ ಓಡುತ್ತವೆ. ನಿನ್ನೆಯ ದ್ರಾವಕವನ್ನು ಇಂದು ಬಳಸಬೇಡಿ. ಈಥೈಲ್ ಅಸಿಟೇಟ್ ಬೇಗ ಆರಿ 7:3 ಎಂಬುದು ಬಾಟಲಿಯ ಮೇಲಿನ ಬರಹವಾಗಿ ಮಾತ್ರ ಉಳಿದಿರುತ್ತದೆ.

ಉತ್ತರ 2: ಕುಂಬಳೆಯ ಸಂಶೋಧನಾರ್ಥಿ

ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಮೊಬೈಲ್ ಫೋಟೋದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಬೆಳಕು, ಬಣ್ಣ ಎರಡನ್ನೂ ಮೊಬೈಲ್ ತಾನಾಗಿಯೇ ತಿದ್ದುತ್ತದೆ. ಅದನ್ನೇ ಬಳಸುವುದಾದರೆ ರಟ್ಟಿನ ಪೆಟ್ಟಿಗೆಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ, ಮೇಲೆ ತೂತು ಕೊರೆದು, ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಕೈಯಿಂದಲೇ ನಿಗದಿಗೊಳಿಸಿ, ಇಮೇಜ್‌ಜೆಯಲ್ಲಿ ಹಸಿರು ಚಾನೆಲ್ ಒಂದನ್ನೇ ಅಳೆಯಿರಿ.

ಕಾಲೇಜಿನಲ್ಲಿ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಇನ್ನೊಂದು ದಾರಿಯಿದೆ. ಸಾರವನ್ನು ಚುಕ್ಕೆಯಾಗಿ ಇಡದೆ ಪಟ್ಟಿಯಾಗಿ ಎಳೆದು, ಸುಮಾರು 25 ಮೈಕ್ರೋಗ್ರಾಂ ಪೈಪರಿನ್ ಬೀಳುವಂತೆ ನೋಡಿಕೊಂಡು, ಓಡಿಸಿದ ಮೇಲೆ ಆ ಪಟ್ಟಿಯ ಸಿಲಿಕಾವನ್ನು ಬ್ಲೇಡಿನಿಂದ ಕೆರೆದು, 5 ಮಿಲಿಲೀಟರ್ ಮೆಥನಾಲಿನಲ್ಲಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ 343 ನ್ಯಾನೋಮೀಟರಿನಲ್ಲಿ ಓದಿರಿ. ಅದೇ ಪ್ಲೇಟಿನ ಖಾಲಿ ಜಾಗದಿಂದ ಅಷ್ಟೇ ಅಗಲದ ಸಿಲಿಕಾವನ್ನು ಕೆರೆದು ಬ್ಲಾಂಕ್ (ಪೈಪರಿನ್ ಇಲ್ಲದ ಹೋಲಿಕೆಯ ದ್ರಾವಣ) ಮಾಡಿಕೊಳ್ಳಬೇಕು. ಸಾಮಾನ್ಯ ಕಲರಿಮೀಟರ್ 400ಕ್ಕಿಂತ ಕೆಳಗೆ ಓದುವುದಿಲ್ಲವಾದ್ದರಿಂದ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಾರವನ್ನು ನೇರವಾಗಿ ಓದಿದರಾಗದೇ ಎಂದು ಮಕ್ಕಳು ಕೇಳಿಯಾರು. ಮೆಣಸಿನಲ್ಲಿ ಪೈಪರೆಟಿನ್, ಪೈಪರಿಲಿನ್ ಮುಂತಾದ ಸೋದರ ಸಂಯುಕ್ತಗಳೂ ಇವೆ. ಬೇರ್ಪಡಿಸದೆ ಓದಿದರೆ ಅವುಗಳ ಪಾಲೂ ಪೈಪರಿನ್ ಲೆಕ್ಕಕ್ಕೇ ಸೇರಿಹೋಗುತ್ತದೆ.

ಮರೆಯಬಾರದ ಇನ್ನೊಂದು ಮಾತು: ದ್ರಾವಣದಲ್ಲಿರುವ ಪೈಪರಿನ್ ಬೆಳಕಿಗೆ ರೂಪ ಬದಲಿಸುತ್ತದೆ. ಸಾರ, ಸ್ಟಾಂಡರ್ಡ್ ಎರಡನ್ನೂ ಕಂದು ಬಾಟಲಿಯಲ್ಲೇ ಇಡಿ.

ಉತ್ತರ 3: ಮಂಜೇಶ್ವರದವಳು, ಈಗ ಮಂಗಳೂರು

ನಾನು ವೈದ್ಯಕೀಯ ಜೀವರಸಾಯನದ ಕಡೆಯವಳು. ಟೀಚರ್ ಹೇಳುವ ತೊಂದರೆಯನ್ನು ನಮ್ಮವರು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ದಾಟಿದ್ದರು. ಹುಟ್ಟಲಿರುವ ಮಗುವಿನ ಶ್ವಾಸಕೋಶ ಬಲಿತಿದೆಯೇ ಎಂದು ತಿಳಿಯಲು ಗರ್ಭಜಲದ ಕೊಬ್ಬನ್ನು ಟಿಎಲ್‌ಸಿ ಪ್ಲೇಟಿನಲ್ಲಿ ಬೇರ್ಪಡಿಸಿ, ಲೆಸಿಥಿನ್ ಚುಕ್ಕೆಯನ್ನು ಸ್ಫಿಂಗೋಮೈಲಿನ್ ಚುಕ್ಕೆಯೊಂದಿಗೆ ಹೋಲಿಸುವ ಪರೀಕ್ಷೆ 1971ರಲ್ಲಿ ಬಂತು. ಅನುಪಾತ 2 ಅಥವಾ ಹೆಚ್ಚಿದ್ದರೆ ಶ್ವಾಸಕೋಶ ಬಲಿತಿದೆ ಎಂದು ಓದುತ್ತಿದ್ದರು. ಇಲ್ಲಿ ಗಮನಿಸಬೇಕಾದದ್ದು, ಎರಡು ಚುಕ್ಕೆಗಳೂ ಒಂದೇ ಹನಿಯಿಂದ, ಒಂದೇ ಸಾಲಿನಲ್ಲಿ ಬಂದವು. ಹನಿ ದೊಡ್ಡದಾದರೆ ಎರಡೂ ದೊಡ್ಡದಾಗುತ್ತವೆ, ಅನುಪಾತ ಮಾತ್ರ ಕದಲುವುದಿಲ್ಲ.

ಮೆಣಸಿನಲ್ಲಿ ಅಂಥ ಸ್ಥಿರವಾದ ಜೊತೆಗಾರ ಇಲ್ಲವಾದ್ದರಿಂದ ಪೈಪರಿನ್‌ನಿಂದ ದೂರ ನಿಲ್ಲುವ, 254ರಲ್ಲಿ ಕಾಣುವ ಸಂಯುಕ್ತವೊಂದನ್ನು ನೀವೇ ತಿಳಿದ ಪ್ರಮಾಣದಲ್ಲಿ ಸಾರಕ್ಕೆ ಸೇರಿಸಬೇಕಾಗುತ್ತದೆ. ಪದವಿ ಮಟ್ಟದಲ್ಲಿ ಅದು ಸ್ವಲ್ಪ ಹೆಚ್ಚಾಯಿತೆಂದು ನನ್ನ ಅನಿಸಿಕೆ; ಬದಿಯಡ್ಕದವರು ಹೇಳಿದಂತೆ ನಡುನಡುವೆ ಸ್ಟಾಂಡರ್ಡ್ ಇಟ್ಟರೆ ಸಾಕು. ಆದರೆ ಪುಡಿಗೆ ತಿಳಿದಷ್ಟು ಪೈಪರಿನ್ ಬೆರೆಸಿ, ಅದರಲ್ಲಿ ಎಷ್ಟು ವಾಪಸು ಸಿಗುತ್ತದೆ ಎಂಬುದನ್ನು ಒಮ್ಮೆಯಾದರೂ ನೋಡಿ. ಸಾರ ತೆಗೆಯುವಲ್ಲೇ ಸೋರಿದ್ದನ್ನು ಪ್ಲೇಟು ತೋರಿಸಲಾರದು.

ಅಂದಹಾಗೆ, ಮುಂದಿನ ವರ್ಷ ಯಾರಾದರೂ ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವನ್ನು ಅಳೆಯೋಣ ಎಂದರೆ ದಯವಿಟ್ಟು ತಡೆಯಿರಿ. 366ರ ದೀಪದಡಿ ಅದರ ಬಿ ಗುಂಪು ನೀಲಿಯಾಗಿಯೂ ಜಿ ಗುಂಪು ಹಸಿರಾಗಿಯೂ ಹೊಳೆಯುವುದು ನೋಡಲು ಚೆಂದವೇ, ಆದರೆ ಆ ಸ್ಟಾಂಡರ್ಡೇ ಕ್ಯಾನ್ಸರ್‌ಕಾರಕ.

ಪೆರ್ಲದ ಟೀಚರ್

ಮೂವರಿಗೂ ಕೃತಜ್ಞತೆಗಳು. ಸ್ಪೆಕ್ಟ್ರೋಫೋಟೋಮೀಟರ್ ದುರಸ್ತಿಗೆ ಹೋಗಿರುವುದರಿಂದ ಫೋಟೋದ ದಾರಿಯನ್ನೇ ಹಿಡಿದೆವು. ಗುರುತಿನ ಕ್ಯಾಪಿಲರಿ, ತೆಳುಮಾಡಿದ ಸಾರ, ನಡುವೆ ಐದು ಸ್ಟಾಂಡರ್ಡ್, ಚಪ್ಪಲಿಯ ರಟ್ಟಿನ ಪೆಟ್ಟಿಗೆ. ಅದೇ ಸಾರಕ್ಕೆ ಈಗ 4.3, 4.1, 4.4 ಬಂದಿದೆ. ಒಂದು ಗ್ರಾಂ ಪುಡಿಗೆ 20 ಮಿಲಿಗ್ರಾಂ ಬೆರೆಸಿದ್ದರಲ್ಲಿ 18.9 ಮಿಲಿಗ್ರಾಂ ಮರಳಿ ಸಿಕ್ಕಿತು. ಆದರೆ ಒಂದು ವಿಚಿತ್ರ: ಒಬ್ಬ ಹುಡುಗ ಮಾಡಿನಡಿ ಗೋಣಿಯಲ್ಲಿದ್ದ ಮೆಣಸನ್ನು ತಂದದ್ದು 3.8 ತೋರಿಸುತ್ತದೆ, ಅದೇ ಬಳ್ಳಿಯ, ಅದೇ ಕೊಯ್ಲಿನ, ಬಿಗಿ ಡಬ್ಬದ ಮೆಣಸು 4.2.

ಉತ್ತರ 4: ಬದಿಯಡ್ಕದ ನಿವೃತ್ತ ವಿಶ್ಲೇಷಕ

ಗೋಣಿಯ ಮೆಣಸು ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ ಟೀಚರ್. ನೀವು ಪೈಪರಿನ್ ಜೊತೆಗೆ ನೀರನ್ನೂ ತೂಗಿದ್ದೀರಿ. ಶೇಕಡಾ 20 ತೇವವಿದ್ದರೆ ಆ 3.8 ಒಣತೂಕದಲ್ಲಿ 4.75 ಆಗುತ್ತದೆ, ಶೇಕಡಾ 11 ತೇವದ ಡಬ್ಬದ 4.2 ಸುಮಾರು 4.7 ಆಗುತ್ತದೆ, ಅಂತರವೇ ಮಾಯ. ತೇವ ಅಳೆಯಲು ಓವನ್ ಬಳಸಬೇಡಿ, ನೀರಿನೊಂದಿಗೆ ಮೆಣಸಿನ ಪರಿಮಳದ ಎಣ್ಣೆಯೂ ಹಾರಿಹೋಗಿ ಅದೂ ತೇವದ ಲೆಕ್ಕಕ್ಕೆ ಸೇರುತ್ತದೆ. ಕುದಿಸಿದಾಗ ಹೊರಬರುವ ನೀರನ್ನು ಬೇರೆಯಾಗಿ ಹಿಡಿದು ಅಳೆಯುವ ಡೀನ್-ಸ್ಟಾರ್ಕ್ ಉಪಕರಣ ನಿಮ್ಮ ಕಪಾಟಿನಲ್ಲಿ ಇದ್ದೇ ಇರುತ್ತದೆ, ಟೊಲೂಯಿನ್ ಹೇಗೂ ತರಿಸಿದ್ದೀರಿ. ಅದರಲ್ಲಿ ಕುದಿಸಿ, ಕೆಳಗೆ ನಿಂತ ನೀರನ್ನು ಓದಿಕೊಂಡು, ನಾಲ್ಕೂ ಮನೆಯ ಲೆಕ್ಕವನ್ನು ಇನ್ನೊಮ್ಮೆ ಹಾಕಿ.