ಸಹಾಯ ಬೇಕು: ಓದುವ ಕೋಣೆಗೆ ಹಗಲು ಬೆಳಕು ಸಾಕಾಗುತ್ತಾ ಅಂತ ಅಳೆಯೋದು ಹೇಗೆ?

ನಮಸ್ಕಾರ. ವಿಜಯಪುರದ ಹತ್ತಿರ ನಮ್ಮೂರಲ್ಲಿ ಮಕ್ಕಳಿಗೆ ಓದೋಕೆ ಒಂದು ಕೋಣೆ ಕಟ್ಟಿಸುತ್ತಿದ್ದೇವೆ. ಕರೆಂಟ್ ಹೋದರೂ ಹಗಲಲ್ಲಿ ಓದು ನಿಲ್ಲಬಾರದು. ಉತ್ತರಕ್ಕೆ ಕಿಟಕಿ ಇಟ್ಟು ರಟ್ಟಿನ ಮಾದರಿ ಮಾಡಿದೆ. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಮೇಜಿನ ಮಟ್ಟಕ್ಕೆ ಲಕ್ಸ್ ಮೀಟರಿನ (ಬೆಳಕು ಎಷ್ಟಿದೆ ಅಂತ ಲಕ್ಸ್ ಲೆಕ್ಕದಲ್ಲಿ ಅಳೆಯೋ ಉಪಕರಣ) ಸೆನ್ಸರ್ ಇಟ್ಟು ನೋಡಿದೆ. ಕಿಟಕಿ ಹತ್ತಿರ ಚೆನ್ನಾಗಿದೆ, ಹಿಂದಿನ ಗೋಡೆ ಕಡೆ ಮಂಕು.

ಗೊಂದಲ ಇಲ್ಲಿದೆ. ಡೇಲೈಟ್ ಫ್ಯಾಕ್ಟರ್ ಅಂದ್ರೆ ಹೊರಗಿನ ಬೆಳಕಲ್ಲಿ ಒಳಗೆ ಸಿಗೋದು ಶೇಕಡಾ ಎಷ್ಟು ಅಂತ. ಭಾರತೀಯ ಮಾನಕದಲ್ಲಿ ಹೊರಗೆ 8000 ಲಕ್ಸ್ ಅಂತ ಹಿಡಿಯುತ್ತಾರೆ, ಶೇ 1 ಅಂದ್ರೆ 80 ಲಕ್ಸ್. ಆದರೆ ನಮ್ಮ ಬಿಸಿಲಲ್ಲಿ ಮೀಟರ್ ಲಕ್ಷದ ಹತ್ತಿರ ಹೋಗುತ್ತದೆ! ಲೆಕ್ಕ ಹಾಕಿದರೆ ಶೇಕಡಾ ತೀರಾ ಕಮ್ಮಿ ಬರುತ್ತದೆ. ನೇರ ಬಿಸಿಲು ಇಲ್ಲದಾಗ ಅಳೆಯೋಣ ಅಂದ್ರೆ, ಮೋಡ ಕವಿಯುವವರೆಗೆ ಕಾಯೋಕೂ ಆಗಲ್ಲ, ಗೌಂಡಿ ಕಿಟಕಿ ಅಳತೆ ಕೇಳುತ್ತಿದ್ದಾರೆ.

ಹೊರಗೆ ಅಳೆಯುವಾಗ ಸೆನ್ಸರ್ ಮೇಲೆ ನೇರ ಬಿಸಿಲು ಬೀಳದಂತೆ ಮರೆ ಹಿಡಿದು, ಆಕಾಶದ ಬೆಳಕನ್ನಷ್ಟೇ ಲೆಕ್ಕಕ್ಕೆ ತಗೋಬೇಕಾ? ಇದನ್ನ ಮಾಡಿ ನೋಡಿದವರು ದಯವಿಟ್ಟು ಹೇಳಿ.